ಹಾಡು ನನ್ನದೇ, ಸ್ಟ್ರೈಕ್ ನನಗೇ: ಆ ಎನ್‌ಒಸಿಗೆ ಸಹಿ ಹಾಕೋ ಮೊದಲು

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದ್ದೇವೆ.)

ಹೋದ ವಾರ ನಮಗೊಂದು ವಾಯ್ಸ್ ನೋಟ್ ಬಂತು. ಗದಗ ಕಡೆಯ ಹುಡುಗ, ವಯಸ್ಸು ಇಪ್ಪತ್ತೆರಡು. ‘ಅಣ್ಣಾರ, ನಾ ಹಾಡಿದ ಹಾಡು, ನನ್ನ ರೊಕ್ಕದಾಗ ರೆಕಾರ್ಡ್ ಮಾಡಿಸಿದ ಹಾಡು, ನನ್ನ ಚಾನೆಲ್‌ನಾಗ ಹಾಕಿದ್ದಕ್ಕ ನನಗ ಸ್ಟ್ರೈಕ್ ಬಂದೈತ್ರೀ. ಈಗ ಒಂದು ಕಾಗದ ಕಳಿಸ್ಯಾರ. ಸಹಿ ಮಾಡಿದ್ರ ಸ್ಟ್ರೈಕ್ ತಗೀತೀವಿ ಅಂತಾರ. ಮಾಡ್ಲೇನು, ಬ್ಯಾಡೋ?’ ಇಷ್ಟೇ. ನಲವತ್ತು ಸೆಕೆಂಡಿನ ಪ್ರಶ್ನೆ. ಉತ್ತರಕ್ಕೆ ಈ ಸಂಚಿಕೆ ಪೂರ್ತಿ ಬೇಕಾಯ್ತು.

ಅವನಿಗೆ ಫೋನ್ ಮಾಡಿ ಪೂರ್ತಿ ಕತೆ ಕೇಳಿಕೊಂಡೆ. ಊರಲ್ಲಿ ಹಿಂದಿನಿಂದ ಹಾಡ್ತಾ ಬಂದಿರೋ ಒಂದು ಜನಪದ ಧಾಟಿ. ಅದಕ್ಕೆ ಇವನ ಗೆಳೆಯ ಹೊಸ ಸಾಲು ಬರೆದ. ಹುಬ್ಬಳ್ಳಿಯ ಒಂದು ಸ್ಟುಡಿಯೋಗೆ ಹೋಗಿ, 12,000 ರೂಪಾಯಿ ಫೋನ್‌ಪೇ ಮಾಡಿ ಇವನು ಹಾಡಿದ. ಕೀಬೋರ್ಡು, ರಿದಮ್ಮು, ಮಿಕ್ಸಿಂಗ್ ಎಲ್ಲ ಸ್ಟುಡಿಯೋದವರದ್ದು. ಆಮೇಲೆ ದೊಡ್ಡ ಸಬ್‌ಸ್ಕ್ರೈಬರ್ ಬಳಗ ಇರೋ ಒಂದು ಚಾನೆಲ್‌ನವರು, ‘ನಮ್ಮಲ್ಲಿ ಹಾಕೋಣ, ನಿನಗೆ ಹೆಸರು ಬರ್ತದೆ’ ಅಂದ್ರು. ಕೊಟ್ಟ. ದುಡ್ಡಿನ ಮಾತಿಲ್ಲ, ಕಾಗದ ಇಲ್ಲ. ಹಾಡು ಓಡ್ತು. ಜಾತ್ರೆ, ಮದುವೆ, ಟ್ರ್ಯಾಕ್ಟರ್, ಎಲ್ಲ ಕಡೆ. ಆರು ತಿಂಗಳಾದ ಮೇಲೆ ಇವನು ತನ್ನ ಪುಟ್ಟ ಚಾನೆಲ್‌ನಲ್ಲೂ ಅದನ್ನೇ ಹಾಕಿದ. ಮೂರೇ ದಿನಕ್ಕೆ ಸ್ಟ್ರೈಕ್.

ಆಮೇಲೆ ಬಂದದ್ದು ಆ ಕಾಗದ. ನೂರು ರೂಪಾಯಿ ಬಾಂಡ್ ಪೇಪರ್, ತಲೆಬರಹ ‘ಎನ್‌ಒಸಿ’. ‘ಈ ಹಾಡನ್ನ ಕಾಪಿರೈಟ್ ರಿಜಿಸ್ಟರ್ ಮಾಡಿಸ್ತಿದೀವಿ, ಅದಕ್ಕೆ ನಿನ್ನ ಎನ್‌ಒಸಿ ಬೇಕು, ಸುಮ್ನೆ ಫಾರ್ಮಾಲಿಟಿ’ ಅಂತ ಹೇಳಿದಾರೆ. ಜತೆಗೆ 5,000 ರೂಪಾಯಿ ಕೊಡ್ತಾರಂತೆ. ಅವನ ಮನೆಯಲ್ಲಿ, ತಗೋಳೋ ಅಂತಿದಾರೆ. ತಪ್ಪೇನಿಲ್ಲ, ಆ ಮನೆಗೆ ಅದು ಸಣ್ಣ ದುಡ್ಡಲ್ಲ.

ಸರಿ. ಈಗ ಒಂದೊಂದಾಗಿ ಬಿಡಿಸೋಣ.

ಮೊದಲು ಒಂದು ಗೊಂದಲ ತೆಗೀಬೇಕು. ನಾವು ‘ಹಾಡು’ ಅಂತ ಒಂದೇ ಪದದಲ್ಲಿ ಕರೀತೀವಲ್ಲ, ಕಾನೂನಿನ ಕಣ್ಣಲ್ಲಿ ಅದು ಒಂದಲ್ಲ, ಮೂರು. ಸಾಹಿತ್ಯ ಒಂದು ಕೃತಿ. ಸಂಗೀತ, ಅಂದ್ರೆ ಪದಗಳನ್ನ ಬಿಟ್ಟು ಬರೀ ರಾಗಸಂಯೋಜನೆ, ಇನ್ನೊಂದು ಕೃತಿ. ಇವೆರಡನ್ನೂ ಹಾಡಿ, ನುಡಿಸಿ, ಹಿಡಿದಿಟ್ಟಿರೋ ಧ್ವನಿಮುದ್ರಣ ಮೂರನೇದು. 1957ರ ಕಾಪಿರೈಟ್ ಕಾಯ್ದೆ ಇದನ್ನ ‘ಸೌಂಡ್ ರೆಕಾರ್ಡಿಂಗ್’ ಅನ್ನುತ್ತೆ. ಕ್ಯಾಸೆಟ್ಟೋ ಸಿಡಿಯೋ ಎಂಪಿ3ಯೋ ಅನ್ನೋದು ಅದಕ್ಕೆ ಮುಖ್ಯ ಅಲ್ಲ. ಮತ್ತೆ ಕೇಳಿಸೋ ಹಾಗೆ ಶಬ್ದ ಹಿಡಿದಿದ್ರೆ ಆಯ್ತು. ನೀವು ಈಗ ಕೇಳ್ತಿರೋ ನನ್ನ ಈ ಮಾತೂ ಸೌಂಡ್ ರೆಕಾರ್ಡಿಂಗೇ. ಅಜ್ಜಿ ಬೀಸೋಕಲ್ಲಿನ ಪದ ಹಾಡೋವಾಗ ನೀವು ಮೊಬೈಲಲ್ಲಿ ಹಿಡಿದದ್ದೂ ಅದೇ.

ಈಗ ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ. ಸಾಹಿತ್ಯಕ್ಕೆ ಕರ್ತೃ ಬರೆದವನು. ಸಂಗೀತಕ್ಕೆ ಕರ್ತೃ ಸಂಯೋಜಿಸಿದವನು. ಸೌಂಡ್ ರೆಕಾರ್ಡಿಂಗಿಗೆ ಕರ್ತೃ ಯಾರು? ಹಾಡಿದವನು ಅಂತ ನೀವಂದ್ರೆ, ತಪ್ಪು. ಕಾಯ್ದೆ ಪ್ರಕಾರ ಪ್ರೊಡ್ಯೂಸರ್, ನಿರ್ಮಾಪಕ. ಗಾಯಕನಿಗೆ ‘ಪರ್ಫಾರ್ಮರ್’ ಅಂತ ಬೇರೆ ಹಕ್ಕುಗಳಿವೆ, 50 ವರ್ಷ ಬಾಳುವಂಥವು. ತನ್ನ ಹೆಸರು ಹೇಳಿಸಿಕೊಳ್ಳೋ ಹಕ್ಕು ಅದರಲ್ಲಿದೆ, ವಾಣಿಜ್ಯ ಬಳಕೆಗೆ ರಾಯಲ್ಟಿ ಇದೆ. ಆದ್ರೆ ರೆಕಾರ್ಡಿಂಗಿನ ಯಜಮಾನಿಕೆ ಪ್ರೊಡ್ಯೂಸರ್‌ದು.

ಇದು ಎಷ್ಟು ದೊಡ್ಡ ವಿಷಯ ಅಂತ 2022ರ ನವೆಂಬರ್‌ನಲ್ಲಿ ನಾವೆಲ್ಲ ನೋಡಿದ್ವಿ. ಕೆಜಿಎಫ್ ಚಾಪ್ಟರ್ 2 ಹಾಡುಗಳನ್ನ ಭಾರತ್ ಜೋಡೋ ಯಾತ್ರೆಯ ವಿಡಿಯೋಗಳಿಗೆ ಬಳಸಿದಾರೆ ಅಂತ ಕೋರ್ಟಿಗೆ ಹೋದದ್ದು ಯಶ್ ಅಲ್ಲ, ಸಂಗೀತ ನಿರ್ದೇಶಕರಲ್ಲ, ಹಾಡಿದವರೂ ಅಲ್ಲ. ಹಕ್ಕು ಹೊಂದಿದ್ದ ಎಂಆರ್‌ಟಿ ಮ್ಯೂಸಿಕ್. ಕಾಂಗ್ರೆಸ್ ಮತ್ತು ಯಾತ್ರೆಯ ಟ್ವಿಟರ್ ಖಾತೆಗಳನ್ನ ತಾತ್ಕಾಲಿಕವಾಗಿ ತಡೆಹಿಡೀಬೇಕು ಅಂತ ಬೆಂಗಳೂರಿನ ವಾಣಿಜ್ಯ ನ್ಯಾಯಾಲಯ ಆದೇಶ ಕೊಡ್ತು. ಮರುದಿನವೇ ಹೈಕೋರ್ಟ್ ಅದನ್ನ ಬದಿಗಿಟ್ಟು, ಆ ಹಾಡಿರೋ ಪೋಸ್ಟ್‌ಗಳನ್ನ ಮಾತ್ರ ತೆಗೀಬೇಕು ಅಂತ ಷರತ್ತು ಹಾಕ್ತು. ಆದೇಶ ಉಳೀತೋ ಬಿಡ್ತೋ, ಅದು ಬೇರೆ. ಹಾಡು ಯಾರ ‘ಕೈಯಲ್ಲಿ’ ಇತ್ತು ಅನ್ನೋದು ನೋಡಿ.

ಹಾಗಾದ್ರೆ ನಮ್ಮ ಗದಗಿನ ಹುಡುಗನ ರೆಕಾರ್ಡಿಂಗಿಗೆ ಪ್ರೊಡ್ಯೂಸರ್ ಯಾರು? ಸ್ಟುಡಿಯೋನಾ? ಚಾನೆಲ್ಲಾ? ಕಾಯ್ದೆ ಕೊಡೋ ವ್ಯಾಖ್ಯೆ ತುಂಬಾ ಸರಳ: ಆ ಕೃತಿಯನ್ನ ಮಾಡೋಕೆ ಮುಂದಾಗಿ, ಅದರ ಹೊಣೆ ಹೊತ್ತವರು. ಮೈಕು ಯಾರದ್ದು ಅಂತ ಅಲ್ಲ, ಬಟನ್ ಯಾರು ಒತ್ತಿದ್ರು ಅಂತ ಅಲ್ಲ. ಹಾಡು ಮಾಡಿಸೋಣ ಅಂತ ಹೊರಟವನು ಇವನು. ಸ್ಟುಡಿಯೋ ಬುಕ್ ಮಾಡಿದವನು, ದುಡ್ಡು ಕೊಟ್ಟವನು, ಗೆಳೆಯನ ಕೈಲಿ ಬರೆಸಿದವನು ಇವನೇ. ಚಾನೆಲ್‌ನವರು ಬಂದದ್ದು ಫೈಲ್ ರೆಡಿ ಆದಮೇಲೆ. ನನಗೆ ಕಾಣೋ ಮಟ್ಟಿಗೆ ಪ್ರೊಡ್ಯೂಸರ್ ಈ ಹುಡುಗನೇ. ಆ ಪದವನ್ನ ಅವನು ಒಂದ್ಸಲಾನೂ ತನಗೆ ಹಚ್ಚಿಕೊಂಡಿರಲಿಲ್ಲ, ಅಷ್ಟೇ.

‘ಆದ್ರೆ ನಾನೇ ಕೊಟ್ಟುಬಿಟ್ಟೆನಲ್ಲ’ ಅಂದ. ಕೊಟ್ಟದ್ದು ಫೈಲು. ಹಕ್ಕು ಕೊಡೋಕೆ ಬೇರೆ ವಿಧಾನ ಇದೆ. ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಕಾಪಿರೈಟ್ ವರ್ಗಾವಣೆ ಬರವಣಿಗೆಯಲ್ಲಿ ಇರಬೇಕು, ಕೊಡುವವರ ಸಹಿ ಇರಬೇಕು. ಬಾಯಿಮಾತಿನ ವರ್ಗಾವಣೆ ನಡೆಯೋದಿಲ್ಲ. ‘ನಿಮ್ಮ ಚಾನೆಲ್‌ನಲ್ಲಿ ಹಾಕ್ಕೊಳ್ಳಿ’ ಅಂದದ್ದು ಹಾಕ್ಕೊಳ್ಳೋಕೆ ಕೊಟ್ಟ ಒಪ್ಪಿಗೆ. ‘ಇನ್ನು ಮೇಲೆ ಇದು ನಿಮ್ಮದು’ ಅಂದಂಗಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಅವರು ‘ರೈಟ್ಸ್ ನಮಗೆ ಅಲ್ವಾ’ ಅಂತ ಕೇಳಿದ್ದಕ್ಕೆ ಇವನು ಹೆಬ್ಬೆರಳಿನ ಎಮೋಜಿ ಹಾಕಿದಾನಂತೆ. ಅಯ್ಯೋ ಮಾರಾಯ! ಅದು ಸಹಿ ಮಾಡಿದ ಪತ್ರ ಅಲ್ಲ ಅಂತ ಇವನ ವಕೀಲರು ವಾದಿಸಬಹುದು, ಆದ್ರೆ ಎದುರಿನವರಿಗೆ ಹಿಡ್ಕೊಳ್ಳೋಕೆ ಒಂದು ಜುಟ್ಟು ಕೊಟ್ಟಂತಾಯ್ತು. ಕೇಳ್ತಿರೋರು ಯಾರೇ ಆಗಲಿ, ‘ರೈಟ್ಸ್’ ಅನ್ನೋ ಪದ ಇರೋ ಮೆಸೇಜಿಗೆ ಎಮೋಜಿ ಹಾಕಬೇಡಿ. ‘ಮಾತಾಡಿ ಹೇಳ್ತೀನಿ’ ಅಂತ ಬರೀರಿ.

ಈಗ ರಿಜಿಸ್ಟ್ರೇಷನ್ ವಿಷಯಕ್ಕೆ ಬರೋಣ. ಕಾಪಿರೈಟ್ ಹುಟ್ಟೋದಕ್ಕೆ ನೋಂದಣಿ ಬೇಕಿಲ್ಲ. ರೆಕಾರ್ಡ್ ಆದ ಕ್ಷಣ ಹಕ್ಕು ಬಂತು. ನೋಂದಣಿ ಇಲ್ಲದೆಯೂ ಕೇಸ್ ಹಾಕಬಹುದು ಅಂತ ಬಾಂಬೆ ಹೈಕೋರ್ಟ್ 2021ರಲ್ಲಿ ಸಂಜಯ್ ಸೋಯಾ ಪ್ರಕರಣದಲ್ಲಿ ಸ್ಪಷ್ಟವಾಗೇ ಹೇಳಿದೆ. ಮತ್ತೆ ಯಾಕೆ ಮಾಡಿಸಬೇಕು? 48ನೇ ಸೆಕ್ಷನ್ನಿಗಾಗಿ. ಕಾಪಿರೈಟ್ ರಿಜಿಸ್ಟರಿನಲ್ಲಿ ಏನು ಬರೆದಿದೆಯೋ ಅದನ್ನ ಕೋರ್ಟು ಮೇಲ್ನೋಟದ ಸಾಕ್ಷ್ಯ ಅಂತ ತಗೊಳ್ಳುತ್ತೆ. ಅಂದ್ರೆ ಅದು ಸುಳ್ಳು ಅನ್ನೋರು ಸುಳ್ಳು ಅಂತ ತೋರಿಸಬೇಕು. ಹೊರೆ ಎದುರಿನವರ ಹೆಗಲಿಗೆ.

ಈಗ ಆ ಎನ್‌ಒಸಿಯ ಆಟ ಅರ್ಥ ಆಯ್ತಾ? ಚಾನೆಲ್‌ನವರು ‘ಪ್ರೊಡ್ಯೂಸರ್’ ಕಾಲಂನಲ್ಲಿ ತಮ್ಮ ಹೆಸರು ಬರೆಸಿಕೊಂಡ್ರೆ, ಹೊರೆ ಈ ಹುಡುಗನ ತಲೆಗೆ ಬರುತ್ತೆ. ರಿಜಿಸ್ಟರ್ ತಿದ್ದಿಸಬೇಕು ಅಂದ್ರೆ ಈಗ ಹೈಕೋರ್ಟಿಗೇ ಹೋಗಬೇಕು. ಮೊದಲು ಅದಕ್ಕೊಂದು ಮೇಲ್ಮನವಿ ಮಂಡಳಿ ಇತ್ತು, 2021ರಲ್ಲಿ ಅದನ್ನ ರದ್ದು ಮಾಡಿದ್ರು. 12,000 ಜೋಡಿಸೋಕೆ ಎರಡು ಸುಗ್ಗಿ ದುಡಿದ ಹುಡುಗ ಹೈಕೋರ್ಟ್ ಮೆಟ್ಟಿಲು ಹತ್ತೋದು ಯಾವಾಗ?

ಕಾಪಿರೈಟ್ ಕಚೇರಿ ಎಲ್ಲವನ್ನೂ ಪರೀಕ್ಷೆ ಮಾಡಿ, ‘ಹೌದು, ಇದು ಇವರದ್ದೇ’ ಅಂತ ತೀರ್ಪು ಕೊಡುತ್ತೆ ಅಂತ ಅಂದ್ಕೋಬೇಡಿ. ಅಲ್ಲಿ ಕೂತು ಯಾರೂ ನಿಮ್ಮ ಹಾಡನ್ನ ಲಕ್ಷಾಂತರ ಹಾಡುಗಳ ಜತೆ ಹೋಲಿಸಿ ನೋಡೋದಿಲ್ಲ. ಕಾಗದ ಸರಿಯಾಗಿದೆಯಾ, ತಕರಾರು ಬಂದಿದೆಯಾ ಅಂತ ನೋಡ್ತಾರೆ. ಹಾಗಾಗಿ ಕಾಗದಕ್ಕೆ ಅಲ್ಲಿ ಅಷ್ಟು ಬೆಲೆ.

ಆದ್ರೆ ಇದರಲ್ಲೇ ಈ ಹುಡುಗನ ಬಲವೂ ಇದೆ. ಸೌಂಡ್ ರೆಕಾರ್ಡಿಂಗ್ ನೋಂದಣಿಗೆ ಅರ್ಜಿ ಹಾಕೋರು ಅದರೊಳಗಿರೋ ಬೇರೆಬೇರೆ ಹಕ್ಕುದಾರರ ಒಪ್ಪಿಗೆ ಪತ್ರ ಸೇರಿಸಬೇಕು. ಸಾಹಿತ್ಯ ಬರೆದವರು, ಸಂಗೀತ ಮಾಡಿದವರು, ಹಾಡಿದವರು. ಇವನ ಸಹಿ ಇಲ್ಲದೆ ಅವರ ಅರ್ಜಿ ಕುಂಟುತ್ತೆ. ಸುಮ್ನೆ 5,000 ಕೊಡ್ತಾರಾ ಯಾರಾದ್ರೂ? ಬೀಗದ ಕೈ ಇವನ ಹತ್ರ ಇದೆ ಅಂತ ಅವರಿಗೆ ಗೊತ್ತು, ಇವನಿಗೆ ಗೊತ್ತಿರಲಿಲ್ಲ.

ಆ ಕಾಗದದ ಫೋಟೋ ಕಳಿಸು ಅಂದೆ. ಓದಿದೆ. ತಲೆಬರಹ ಎನ್‌ಒಸಿ, ಒಳಗಿರೋದು ಅಸೈನ್‌ಮೆಂಟ್, ಪೂರ್ತಿ ವರ್ಗಾವಣೆ. ಎರಡನೇ ಪ್ಯಾರಾದಲ್ಲಿ ‘ಸದರಿ ಧ್ವನಿಮುದ್ರಣದ ನಿರ್ಮಾಪಕರು ಚಾನೆಲ್‌ನವರೇ ಎಂದು ಒಪ್ಪಿರುತ್ತೇನೆ’ ಅಂತಿದೆ. ನಾಲ್ಕನೇದ್ರಲ್ಲಿ ‘ಶಾಶ್ವತವಾಗಿ, ವಿಶ್ವದಾದ್ಯಂತ’. ಐದರಲ್ಲಿ ‘ಯಾವುದೇ ರಾಯಲ್ಟಿ ಕೇಳತಕ್ಕದ್ದಲ್ಲ’.

ಒಂದೊಂದು ಸಾಲಿಗೂ ಕಾಯ್ದೆಯಲ್ಲಿ ಏನಿದೆ ಅಂತ ನೋಡಿ. ವರ್ಗಾವಣೆ ಪತ್ರದಲ್ಲಿ ಅವಧಿ ಬರೆಯದಿದ್ರೆ ಅದು ಐದು ವರ್ಷ ಅಂತ ಲೆಕ್ಕ. ಪ್ರದೇಶ ಬರೆಯದಿದ್ರೆ ಭಾರತ ಮಾತ್ರ. ಅದಕ್ಕೇ ಅವರು ‘ಶಾಶ್ವತ’, ‘ವಿಶ್ವದಾದ್ಯಂತ’ ಅಂತ ಮರೀದೆ ಬರೀತಾರೆ. ಆ ಎರಡು ಪದ ಅಲಂಕಾರಕ್ಕಲ್ಲ. ಇನ್ನು ‘ರಾಯಲ್ಟಿ ಕೇಳತಕ್ಕದ್ದಲ್ಲ’ ಅನ್ನೋದು. 2012ರ ತಿದ್ದುಪಡಿ ಆದಮೇಲೆ, ಸಾಹಿತ್ಯ ಬರೆದವರು ಮತ್ತು ಸಂಗೀತ ಸಂಯೋಜಿಸಿದವರು ರಾಯಲ್ಟಿಯ ತಮ್ಮ ಸಮಪಾಲನ್ನ ಬರೆದುಕೊಟ್ರೂ ಬಿಟ್ಟುಕೊಟ್ಟಂತೆ ಆಗೋದಿಲ್ಲ. ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿ ಇದರ ಪರವಾಗಿ ಮಾತಾಡಿದ್ದು ನೆನಪಿರಬಹುದು. ಹಾಗಾಗಿ ಸಾಹಿತ್ಯ ಬರೆದ ಆ ಗೆಳೆಯನ ಪಾಲನ್ನ ಈ ಬಾಂಡ್ ಪೇಪರ್ ಅಳಿಸೋಕಾಗಲ್ಲ. ಆದ್ರೆ ಪ್ರೊಡ್ಯೂಸರ್ ಪಾಲಿಗೆ ಆ ಕಾವಲು ಇಲ್ಲ. ಅದನ್ನ ಬರೆದುಕೊಟ್ರೆ ಹೋಯ್ತು. ಅದೂ 60 ವರ್ಷಕ್ಕೆ. ಸೌಂಡ್ ರೆಕಾರ್ಡಿಂಗಿನ ಕಾಪಿರೈಟ್ ಮೊದಲು ಪ್ರಕಟವಾದ ವರ್ಷದ ಮುಂದಿನ ಜನವರಿಯಿಂದ 60 ವರ್ಷ. 2025ರಲ್ಲಿ ಬಂದ ಹಾಡು 2085ರ ಡಿಸೆಂಬರ್ ತನಕ. ಅಷ್ಟೊತ್ತಿಗೆ ಈ ಹುಡುಗನಿಗೆ ಎಂಬತ್ತು ದಾಟಿರುತ್ತೆ.

5,000 ರೂಪಾಯಿ. ಅರವತ್ತು ವರ್ಷ. ಭಾಗಾಕಾರ ನೀವೇ ಮಾಡಿ.

ಹಾಗಂತ ಹಕ್ಕು ಮಾರೋದೇ ತಪ್ಪು ಅಂತ ನಾನು ಹೇಳಲ್ಲ. ಎಷ್ಟೋ ಜನ ಮಾರಿ ಆ ದುಡ್ಡಲ್ಲಿ ಮುಂದಿನ ಹಾಡು ಮಾಡಿದಾರೆ. ಮಾರ್ತಿದೀನಿ ಅಂತ ಗೊತ್ತಿದ್ದು ಮಾರಲಿ, ಎನ್‌ಒಸಿ ಅಂದ್ಕೊಂಡು ಮಾರೋದು ಬೇಡ.

ಈಗ ಅವನೇ ನೋಂದಣಿ ಮಾಡಿಸಬೇಕು ಅಂದ್ರೆ ಏನು ಮಾಡಬೇಕು? ನಾನು ಹೇಳಿದ್ದು ಇದನ್ನೇ. ಕಾಪಿರೈಟ್ ಡಾಟ್ ಜಿಒವಿ ಡಾಟ್ ಇನ್‌ಗೆ ಹೋಗು. ಅದೊಂದೇ ಸರ್ಕಾರಿ ಜಾಗ, ಕಚೇರಿ ದೆಹಲಿಯ ದ್ವಾರಕಾದಲ್ಲಿದೆ. ಗೂಗಲ್‌ನಲ್ಲಿ ಹುಡುಕಿದ್ರೆ ಮೊದಲು ಬರೋದು ಜಾಹೀರಾತು ಕೊಟ್ಟ ಏಜೆನ್ಸಿಗಳು, ಅವರ ಫೀಸು ಬೇರೆ. ಫಾರ್ಮ್ 14 ತುಂಬಬೇಕು. ಸೌಂಡ್ ರೆಕಾರ್ಡಿಂಗಿಗೆ ಸರ್ಕಾರಿ ಶುಲ್ಕ 2,000 ರೂಪಾಯಿ. ಸಾಹಿತ್ಯವನ್ನ ಬೇರೆಯಾಗಿ ಮಾಡಿಸಿದ್ರೆ 500, ಸಂಗೀತಕ್ಕೆ 500. ಸಂಗೀತಕ್ಕೆ ಸ್ವರಲಿಪಿ ಕೇಳ್ತಾರೆ, ಅದು ನಮ್ಮ ಹುಡುಗರಿಗೆ ಕಷ್ಟ. ಇವನ ಧಾಟಿ ಹೇಗೂ ಜನಪದದ್ದು, ಯಾರ ಸ್ವತ್ತೂ ಅಲ್ಲ, ಅದನ್ನ ತನ್ನದು ಅಂತ ಬರೆಸೋ ಹಾಗೂ ಇಲ್ಲ. ಅದು ಬಿಡು ಅಂದೆ.

ಅರ್ಜಿಯಲ್ಲಿ ಕೃತಿಯ ಹೆಸರು, ಭಾಷೆ, ಮೊದಲು ಪ್ರಕಟವಾದ ವರ್ಷ, ದೇಶ, ಕರ್ತೃವಿನ ಹೆಸರು, ವಿಳಾಸ ಕೇಳ್ತಾರೆ. ಕರ್ತೃ ಅನ್ನೋ ಕಡೆ ಪ್ರೊಡ್ಯೂಸರ್ ಆಗಿ ತನ್ನ ಹೆಸರು. ಗೆಳೆಯನ ಒಪ್ಪಿಗೆ ಪತ್ರ, ಸ್ಟುಡಿಯೋದಲ್ಲಿ ಕೀಬೋರ್ಡ್ ಪ್ರೋಗ್ರಾಮಿಂಗ್ ಮಾಡಿದವರ ಒಪ್ಪಿಗೆ ಪತ್ರ, ಹಾಡಿನ ಪ್ರತಿ. ಗೆಳೆಯ ಇವತ್ತೇ ಕೊಡ್ತಾನೆ. ಸ್ಟುಡಿಯೋದವರ ಪತ್ರ ಸ್ವಲ್ಪ ತಲೆನೋವು, ಯಾಕಂದ್ರೆ ಚಾನೆಲ್‌ನವರೂ ಅವರ ಗಿರಾಕಿಗಳೇ. ‘ದುಡ್ಡು ತಗೊಂಡು ಕೆಲಸ ಮಾಡಿಕೊಟ್ಟಿದೀವಿ’ ಅಂತ ಒಂದು ಬಿಲ್ಲು, ಒಂದು ಸಾಲು ಬರೆಸ್ಕೊ ಅಂದೆ. ಮೊದಲೇ, ರೆಕಾರ್ಡಿಂಗ್ ದಿನಾನೇ ಕೇಳಿದ್ರೆ ಚಹಾ ಕುಡೀತಾ ಬರೆದುಕೊಡ್ತಿದ್ರು. ಹಾಡು ಹಿಟ್ ಆದಮೇಲೆ ಎಲ್ಲರಿಗೂ ಪೆನ್ನು ಭಾರ ಆಗುತ್ತೆ.

ಅರ್ಜಿ ಹಾಕಿದ ತಕ್ಷಣ ಡೈರಿ ನಂಬರ್ ಬರುತ್ತೆ. ಆಮೇಲೆ 30 ದಿನ ಕಾಯೋದು. ಆ ಅವಧಿಯಲ್ಲಿ ಯಾರಾದ್ರೂ ತಕರಾರು ಹಾಕಬಹುದು. ಇವನಿಗೆ ಇದು ಎರಡೂ ಕಡೆಯಿಂದ ಮುಖ್ಯ. ಚಾನೆಲ್‌ನವರು ಈಗಾಗಲೇ ಅರ್ಜಿ ಹಾಕಿದ್ರೆ ಇವನು ತಕರಾರು ಸಲ್ಲಿಸಬಹುದು, ಆಗ ಎರಡೂ ಕಡೆಯವರನ್ನ ಕರೆದು ಕೇಳ್ತಾರೆ. ಹಕ್ಕಿನಲ್ಲಿ ಪಾಲು ಹೇಳೋರಿಗೆ, ವಿವಾದ ಮಾಡೋರಿಗೆ ಅರ್ಜಿಯ ನೋಟಿಸ್ ಕೊಡಬೇಕು ಅಂತ 2013ರ ನಿಯಮಗಳಲ್ಲೇ ಇದೆ. ತಕರಾರು ಇಲ್ಲದಿದ್ರೆ ಪರಿಶೀಲನೆ, ಏನಾದ್ರೂ ಕೊರತೆ ಇದ್ರೆ ಪತ್ರ ಬರುತ್ತೆ, ಉತ್ತರ ಕೊಡಬೇಕು. ಈ ಪತ್ರ ಇಮೇಲಿಗೆ ಬರುತ್ತೆ, ಸ್ಪ್ಯಾಮ್ ಫೋಲ್ಡರ್ ನೋಡ್ತಾ ಇರಿ. ತಿಂಗಳುಗಳು ಹಿಡಿಯುತ್ತೆ. ನಾಳೆ ಸರ್ಟಿಫಿಕೇಟ್ ಕೊಡಿಸ್ತೀನಿ ಅನ್ನೋರನ್ನ ನಂಬಬೇಡಿ.

ಇನ್ನೊಂದು ವಾಟ್ಸ್‌ಆ್ಯಪ್ ವಿದ್ಯೆ ಇದೆ. ಹಾಡಿನ ಪೆನ್‌ಡ್ರೈವ್‌ನ ತನಗೇ ರಿಜಿಸ್ಟರ್ಡ್ ಪೋಸ್ಟ್ ಮಾಡ್ಕೊಂಡು ಕವರ್ ಒಡೆಯದೆ ಇಟ್ಕೊಳ್ಳೋದು. ಅದು ಹೆಚ್ಚಂದ್ರೆ ಆ ದಿನಾಂಕದಲ್ಲಿ ನಿಮ್ಮ ಹತ್ರ ಒಂದು ಕವರ್ ಇತ್ತು ಅಂತ ತೋರಿಸೀತು. ಅದಕ್ಕಿಂತ ಆ 12,000ದ ಫೋನ್‌ಪೇ ರಸೀದಿ, ಸ್ಟುಡಿಯೋ ಜತೆಗಿನ ಚಾಟ್, ಮಿಕ್ಸ್ ಆಗದ ಬರೀ ಧ್ವನಿಯ ಟ್ರ್ಯಾಕು, ಇವು ಎಷ್ಟೋ ಗಟ್ಟಿ. ಹುಡುಗನ ಹತ್ರ ಎಲ್ಲಾ ಇದೆ. ಫೋನ್ ಬದಲಾಯಿಸೋಕೆ ಮುಂಚೆ ಬ್ಯಾಕಪ್ ತಗೋ ಅಂದೆ, ‘ಹಳೇ ಫೋನ್ ಮಾರಾಕ ಇಟ್ಟಿದ್ದೆರೀ’ ಅಂದ!

ಹೆಸರು ಅಂದಾಗ ಗೌಹರ್ ಜಾನ್ ನೆನಪಾಗ್ತಾರೆ. 1902ರಲ್ಲಿ ಕಲ್ಕತ್ತಾದಲ್ಲಿ ಗ್ರಾಮಫೋನ್ ಕಂಪನಿಯವರು ಅವರ ಧ್ವನಿ ಮುದ್ರಿಸಿದ್ರು. ಹಾಡು ಮುಗಿದ ಮೇಲೆ ಅವರು ಇಂಗ್ಲಿಷಿನಲ್ಲಿ ತಮ್ಮ ಹೆಸರು ಕೂಗಿ ಹೇಳ್ತಾರೆ. ಶೋಕಿಗಲ್ಲ. ರೆಕಾರ್ಡುಗಳು ಅಚ್ಚಾಗ್ತಿದ್ದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ, ಲೇಬಲ್ ಅಂಟಿಸೋರಿಗೆ ಇದು ಯಾರ ಹಾಡು ಅಂತ ಗೊತ್ತಾಗಲಿ ಅಂತ. ಆ ಗೌಹರ್ ಜಾನ್ ಕೊನೆಗೆ ಬಂದದ್ದು ನಮ್ಮ ಮೈಸೂರಿಗೆ, ನಾಲ್ವಡಿಯವರ ಆಸ್ಥಾನಕ್ಕೆ. 1930ರಲ್ಲಿ ಅಲ್ಲೇ ತೀರಿಕೊಂಡ್ರು. ಇವತ್ತು ನಮ್ಮ ಕಾಯ್ದೆಯ 52ಎ ಸೆಕ್ಷನ್ ಕೇಳೋದೂ ಅದನ್ನೇ: ಪ್ರಕಟವಾಗೋ ಪ್ರತಿ ಸೌಂಡ್ ರೆಕಾರ್ಡಿಂಗಿನ ಮೇಲೆ ಮಾಡಿದವರ ಹೆಸರು ವಿಳಾಸ, ಹಕ್ಕುದಾರರ ಹೆಸರು ವಿಳಾಸ, ಮೊದಲು ಪ್ರಕಟವಾದ ವರ್ಷ ಇರಬೇಕು. ನಮ್ಮ ಹುಡುಗನ ಹಾಡಿನ ಡಿಸ್ಕ್ರಿಪ್ಷನ್‌ನಲ್ಲಿ ಗಾಯಕ ಅಂತ ಅವನ ಹೆಸರಿದೆ. ಪ್ರೊಡ್ಯೂಸರ್ ಅನ್ನೋ ಜಾಗದಲ್ಲಿ ಚಾನೆಲ್ ಹೆಸರು. ಆರು ತಿಂಗಳು ಅವನು ಅದನ್ನ ನೋಡ್ತಾನೇ ಇದ್ದ.

ರ‍್ಯಾಪ್ ಮಾಡೋ ಗೆಳೆಯರು, ಕವರ್ ಹಾಡೋರು ಇದನ್ನೊಂದು ಕೇಳಿಸ್ಕೊಳ್ಳಿ. ಒಳಗಿನ ಕೃತಿಯನ್ನ ಅನುಮತಿ ಇಲ್ಲದೆ ಬಳಸಿ ಮಾಡಿದ ರೆಕಾರ್ಡಿಂಗಿಗೆ ಕಾಪಿರೈಟೇ ಹುಟ್ಟೋದಿಲ್ಲ. ಯೂಟ್ಯೂಬಿಂದ ಇಳಿಸಿಕೊಂಡ ಬೀಟ್ ಮೇಲೆ ಹಾಡಿ 2,000 ಕಟ್ಟಿ ರಿಜಿಸ್ಟರ್ ಮಾಡಿಸಿದ್ರೂ ಅಡಿಪಾಯವೇ ಇಲ್ಲದ ಮನೆ. ಪುರಂದರದಾಸರ ಪದಕ್ಕೆ ಯಾರನ್ನೂ ಕೇಳಬೇಕಿಲ್ಲ, ಆದ್ರೆ ಅದಕ್ಕೆ ಇತ್ತೀಚಿನವರು ಹಾಕಿದ ರಾಗಸಂಯೋಜನೆಯನ್ನೇ ಎತ್ತಿಕೊಂಡ್ರೆ ಕೇಳಬೇಕಾದೀತು. ಬೇಂದ್ರೆ ತೀರಿಕೊಂಡದ್ದು 1981ರಲ್ಲಿ, ಕವಿಯ ಹಕ್ಕು ಅಲ್ಲಿಂದ 60 ವರ್ಷ. ಅಂದ್ರೆ 2041ರ ಕೊನೆ ತನಕ. ಕುವೆಂಪು ಅವರದ್ದು 2054ರ ತನಕ. ಕವರ್ ಹಾಡಿಗೆ ಕಾಯ್ದೆಯಲ್ಲೇ ಒಂದು ದಾರಿ ಇದೆ, ಆದ್ರೆ ಮೂಲ ರೆಕಾರ್ಡಿಂಗ್ ಬಂದ ವರ್ಷ ಮುಗಿದು ಐದು ವರ್ಷ ಆಗಿರಬೇಕು, ಮೊದಲೇ ನೋಟಿಸು, ರಾಯಲ್ಟಿ ಎಲ್ಲ ಇದೆ. ಅದರ ಬಗ್ಗೆಯೇ ಒಂದು ಸಂಚಿಕೆ ಬೇಕು, ಮಾಡೋಣ.

ಇನ್ನು ಉಳಿದದ್ದು ಸ್ಟ್ರೈಕು. ಕಂಟೆಂಟ್ ಐಡಿ ಕ್ಲೇಮ್ ಬೇರೆ, ಸ್ಟ್ರೈಕ್ ಬೇರೆ. ಕ್ಲೇಮ್ ಬಂದ್ರೆ ಸಾಮಾನ್ಯವಾಗಿ ವಿಡಿಯೋದ ಆದಾಯ ಅವರಿಗೆ ಹೋಗುತ್ತೆ, ನೀವು ಡಿಸ್ಪ್ಯೂಟ್ ಹಾಕಿದ್ರೆ ಅವರು 30 ದಿನದೊಳಗೆ ಉತ್ತರಿಸಬೇಕು. ಸ್ಟ್ರೈಕ್ ಅಂದ್ರೆ ವಿಡಿಯೋ ತೆಗೆದುಹಾಕಿದಾರೆ. 90 ದಿನದಲ್ಲಿ ಮೂರು ಸ್ಟ್ರೈಕ್ ಆದ್ರೆ ಚಾನೆಲ್ಲೇ ಹೋಗಬಹುದು. ಇವನಿಗೆ ಬಂದದ್ದು ಸ್ಟ್ರೈಕ್. ಅದಕ್ಕೆ ಕೌಂಟರ್ ನೋಟಿಫಿಕೇಷನ್ ಅಂತ ಇದೆ. ಅದನ್ನ ಹಾಕಿದ್ರೆ, 10 ಕೆಲಸದ ದಿನಗಳ ಒಳಗೆ ಎದುರಿನವರು ಕೋರ್ಟಿಗೆ ಹೋಗಿರೋದಕ್ಕೆ ಪುರಾವೆ ಕೊಡಬೇಕು. ಕೊಡದಿದ್ರೆ ವಿಡಿಯೋ ವಾಪಸ್ ಬರಬಹುದು. ಆದ್ರೆ ಅದು ಹುಡುಗಾಟದ ಫಾರ್ಮ್ ಅಲ್ಲ. ನಿಮ್ಮ ನಿಜವಾದ ಹೆಸರು, ವಿಳಾಸ ಎದುರಿನವರಿಗೆ ಹೋಗುತ್ತೆ, ಸುಳ್ಳು ಹೇಳಿದ್ರೆ ಕಾನೂನಿನ ಹೊಣೆ ನಿಮ್ಮದು. ಬೇರೆಯವರ ಹಾಡು ಹಾಕಿ ಸ್ಟ್ರೈಕ್ ತಿಂದೋರು ಈ ಕಡೆ ಬರಬೇಡಿ. ಇದು ಇವನಂಥವರಿಗೆ.

ಅವನಿಗೆ ಕೊನೆಗೆ ಏನು ಹೇಳಿದೆ? ಆ ಕಾಗದಕ್ಕೆ ಸಹಿ ಹಾಕಬೇಡ. ಜಗಳಾನೂ ಆಡಬೇಡ, ಅವರಿಂದಲೇ ಹಾಡು ಊರೂರಿಗೆ ಮುಟ್ಟಿದ್ದು ಅನ್ನೋದು ಸುಳ್ಳಲ್ಲ. ಬದಲಿಗೆ ನೀನೇ ಒಂದು ಕಾಗದ ಕಳಿಸು: ನಿರ್ಮಾಪಕ ನಾನು, ನಿಮ್ಮ ಚಾನೆಲ್‌ನಲ್ಲಿ ಮೂರು ವರ್ಷ ಇಟ್ಕೊಳ್ಳೋಕೆ ಅನುಮತಿ ಕೊಡ್ತೀನಿ, ಯೂಟ್ಯೂಬ್ ಮಾತ್ರ, ಆದಾಯದಲ್ಲಿ ಅರ್ಧ, ನನ್ನ ಚಾನೆಲ್‌ನಲ್ಲೂ ಇರುತ್ತೆ, ಸ್ಟ್ರೈಕ್ ವಾಪಸ್ ತಗೊಳ್ಳಿ. ಗದಗಿನಲ್ಲಿ ಪರಿಚಯದ ವಕೀಲರಿದ್ರೆ ಒಮ್ಮೆ ತೋರಿಸು. ಅವರು ಒಪ್ಪದಿದ್ರೆ ಕೌಂಟರ್ ಹಾಕು.

ನಿನ್ನೆ ರಾತ್ರಿ ಮತ್ತೊಂದು ವಾಯ್ಸ್ ನೋಟ್ ಬಂತು. ಗೆಳೆಯನ ಪತ್ರ ಸಿಕ್ಕಿದೆ, ಸ್ಟುಡಿಯೋದವರು ‘ನಾಳೆ ಬಾ’ ಅಂದಿದಾರೆ, 2,000 ಕಟ್ಟಿ ಅರ್ಜಿ ಹಾಕಿ ಡೈರಿ ನಂಬರ್ ತಗೊಂಡಿದಾನೆ, ಸ್ಟುಡಿಯೋ ಪತ್ರ ಆಮೇಲೆ ಸೇರಿಸ್ತಾನಂತೆ. ಚಾನೆಲ್‌ನವರು 5,000ವನ್ನ 15,000ಕ್ಕೆ ಏರಿಸಿದಾರೆ. ‘ಮನ್ಯಾಗ ಇನ್ನೂ ಬೈಯ್ಯಾಕತ್ತಾರ ಅಣ್ಣಾರ’ ಅಂದ. ಅವನ 30 ದಿನ ಮುಗಿಯೋದು ಮುಂದಿನ ತಿಂಗಳು. ಆಗ ಏನಾಯ್ತು ಅಂತ ಅವನ ಬಾಯಿಂದಲೇ ಕೇಳಿಸ್ತೀನಿ. ನಿಮ್ಮ ಹತ್ರ ಇಂಥದೇ ಕಾಗದ ಬಂದಿದ್ರೆ ಸಹಿ ಹಾಕೋ ಮೊದಲು ಫೋಟೋ ಕಳಿಸಿ, ನಂಬರ್ ಸಂಚಿಕೆಯ ವಿವರದಲ್ಲಿದೆ.